ಕೋಲಾರದ ಗಾಳದ ಅಂಗಡಿ

ಕೋಲಾರವೆಂದೊಡನೆ ಪರಸ್ಥಳದವರಿಗೆ ಚಿನ್ನದ ಗಣಿಯು ನೆನಪಿಗೆ ಬರುವುದು. ಆ ಗಣಿಯು ಕೋಲಾರ ಪಟ್ಟಣದಲ್ಲಿರಲಿಲ್ಲ. ಸುಮಾರು 30 ಕಿಲೋಮೀಟರು ಆಚೆಗಿದ್ದಿತು. ಅದೂ 2001ರಲ್ಲಿ ಮುಚ್ಚಿಹೋಯಿತು. ಸ್ವಲ್ಪ ಹೆಚ್ಚು ತಿಳಿದವರು ಕೋಲಾರಮ್ಮನ ಗುಡಿಯನ್ನೂ, ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನೂ, ಮುಳಬಾಗಿಲಿನ ಆಂಜನೇಯನನ್ನೂ, ಶ್ರೀನಿವಾಸಪುರದ ಮಾವಿನ ಹಣ್ಣನ್ನೂ, ಮಾಲೂರಿನ ಹೆಂಚು ಇಟ್ಟಿಗೆಗಳನ್ನೂ ಹೇಳುವರು. ನಾನು ಈಗ ಹೇಳಹೊರಟಿರುವುದು ಇವು ಯಾವುದನ್ನೂ ಅಲ್ಲ. ಕೋಲಾರದ ಪೇಟೆಯ ಒಂದು ಓಣಿಯಲ್ಲಿ, ಹಗ್ಗದ ಅಂಗಡಿಗೂ ಪಾತ್ರೆಯ ಅಂಗಡಿಗೂ ನಡುವೆ, ಎಂಟು ಅಡಿ ಅಗಲದ ಒಂದು ಮಳಿಗೆಯಿದೆ. ಅದಕ್ಕೆ ಹೆಸರಿನ ಹಲಗೆಯಿಲ್ಲ. ಮೀನು ಹಿಡಿಯುವ ಗಾಳ, ದಾರ, ಕೋಲು, ಬಲೆಗಳನ್ನು ಅಲ್ಲಿ ಮಾರುವರು. ಜನರು ಅದನ್ನು ಗಾಳದಂಗಡಿ ಎನ್ನುವರು. ಮೀನನ್ನು ಮುಟ್ಟದ ಮನೆತನದಲ್ಲಿ ಹುಟ್ಟಿ, ಮೂವತ್ತಕ್ಕೂ ಹೆಚ್ಚು ವರ್ಷ ಹುಡುಗರಿಗೆ ಸಂಸ್ಕೃತ ಹೇಳಿಕೊಟ್ಟು ನಿವೃತ್ತನಾದ ನನ್ನಂಥವನಿಗೆ ಅಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ನನ್ನ ಮನೆಯಾಕೆಯೂ ಅದನ್ನೇ ಕೇಳಿದಳು.

ಕೆಲಸವಿದ್ದದ್ದು ಹಾಗಲ ಬಳ್ಳಿಯ ಚಪ್ಪರದ್ದು. ಬಿಸಿಲಿಗೂ ಮಳೆಗೂ ಜಗ್ಗದ ನೈಲಾನ್ ದಾರ ಬೇಕಾಗಿದ್ದಿತು. ನೆರೆಯವರು ಗಾಳದಂಗಡಿಯಲ್ಲಿ ಸಿಕ್ಕುವುದೆಂದರು. ಹೋಗಿ ನಿಂತೆನು. ಒಳಗೆ ಕುಳಿತಿದ್ದ ನಲವತ್ತೈದು ನಲವತ್ತಾರು ವಯಸ್ಸಿನ ಮನುಷ್ಯನು ಕೈಯಲ್ಲಿದ್ದ ಬಲೆಯನ್ನು ಬಿಟ್ಟು ಎದ್ದು ನಿಂತನು. "ಸಾರ್, ನೀವಾ? ಬನ್ನಿ ಸಾರ್, ಕುಂತ್ಕಳಿ" ಎಂದು ಸ್ಟೂಲನ್ನು ಒರಸಿ ಇಟ್ಟನು. ಮುಖವು ಪರಿಚಿತವೆನಿಸಿತು, ಹೆಸರು ಬರಲಿಲ್ಲ. ಆತನೇ ನೆನಪು ಮಾಡಿಕೊಟ್ಟನು. ಕೊಟ್ಟ ಮೇಲೆ, ಕೊಡದಿದ್ದರೇ ಲೇಸಾಗಿತ್ತೆಂದು ನನಗೆ ತೋರಿತು.

ಅದು 1992ರ ಸುಮಾರು. ನಾನು ಆಗ ಎಳೆಯ ಉಪಾಧ್ಯಾಯ, ಬೆತ್ತದಲ್ಲಿ ನಂಬಿಕೆಯಿದ್ದವನು. ಎಂಟನೆಯ ತರಗತಿಯವರಿಗೆ ಅಮರಕೋಶದಿಂದ ಕೆಲವು ಭಾಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆನು. ವಾರಿವರ್ಗದಲ್ಲಿ ಮೀನುಗಳ ಹೆಸರುಗಳು ಬರುತ್ತವೆ: ರೋಹಿತ, ಮದ್ಗುರ, ಶಾಲ, ರಾಜೀವ, ಶಕುಲ, ತಿಮಿ. ಮೀನಿಡುವ ಬುಟ್ಟಿಗೆ ಕುವೇಣಿಯೆಂದೂ, ಗಾಳಕ್ಕೆ ಬಡಿಶವೆಂದೂ ಅಲ್ಲಿಯೇ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಬೆಸ್ತರ ಹುಡುಗನೊಬ್ಬನು ಎದ್ದು ನಿಂತು, "ಸಾರ್, ಶಕುಲ ಅಂದ್ರೆ ಯಾವ ಮೀನು?" ಎಂದು ಕೇಳಿದನು. ನಮ್ಮ ವ್ಯಾಖ್ಯಾನಕಾರರು ತಮಗೆ ಗೊತ್ತಿಲ್ಲದ ಗಿಡ ಬಂದರೆ 'ವೃಕ್ಷವಿಶೇಷ'ವೆಂದೂ, ಗೊತ್ತಿಲ್ಲದ ಮೀನು ಬಂದರೆ 'ಮತ್ಸ್ಯವಿಶೇಷ'ವೆಂದೂ ಬರೆದು ಮುಂದಕ್ಕೆ ಹೋಗುವರು. ನಾನೂ, "ಒಂದು ಬಗೆಯ ಮೀನು, ಬರೆದುಕೋ" ಎಂದೆನು. "ಯಾವ ಬಗೆ ಸಾರ್? ಕೊರಮೀನಾ? ಗೆಂಡೇನಾ?" ತರಗತಿಯು ನಕ್ಕಿತು. ನಗುವು ನನ್ನ ಮೇಲೆಂದು ನನಗೆ ಅನಿಸಿತು. ಅದೇ ಹೊತ್ತಿಗೆ ಪಕ್ಕದ ಹುಡುಗನು 'ಅಯ್ಯೋ' ಎಂದನು. ಇವನ ಜೇಬಿನಲ್ಲಿದ್ದ ಡಬ್ಬಿಯಿಂದ ಗಾಳವೊಂದು ಹೊರಬಂದು ಅವನ ತೊಡೆಗೆ ಚುಚ್ಚಿದ್ದಿತು. ಕಾರಣ ಸಿಕ್ಕಿತು. ಬೆತ್ತ ತೆಗೆದುಕೊಂಡೆನು. ಡಬ್ಬಿಯನ್ನು ಕಿಟಕಿಯಾಚೆಗೆ ಎಸೆದೆನು. ಹುಡುಗನು ಮರುವಾರ ಬಂದನು, ಅದರ ಮುಂದಿನ ತಿಂಗಳು ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಈ ಮಾತನ್ನು ನಾನೇ ಎತ್ತಿದೆನು. "ಅದ್ಯಾವ ಕಾಲದ ಮಾತು ಬಿಡಿ ಸಾರ್. ಅಪ್ಪಂಗೆ ಕಾಲು ನೋವಾಗಿತ್ತು, ಅಂಗಡೀಲಿ ಕೂರೋಕೆ ಒಬ್ರು ಬೇಕಿತ್ತು" ಎಂದನು. ಹಾಗೂ ಇದ್ದಿರಬಹುದು. ದಾರಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಹಣ ಕೊಡಲೇಬೇಕೆಂದು ಮರುದಿನ ಹೋದೆನು. ಆ ದಿನ ಚಹಾ ಬಂದಿತು. ಹೀಗೆ ಹೋಗಿಬರುವುದು ಅಭ್ಯಾಸವಾಗಿ, ಈಗ ಸಂಜೆ ಐದರಿಂದ ಏಳರವರೆಗೆ ಆ ಸ್ಟೂಲು ನನ್ನದೇ ಎಂಬಂತಾಗಿದೆ.

ಮೊದಲು ಅಂಗಡಿಯ ಒಳಗನ್ನು ವರ್ಣಿಸುವೆನು. ಎಡಗೋಡೆಗೆ ಬಿದಿರಿನ ಕೋಲುಗಳು ಒರಗಿವೆ. ತೆಳ್ಳಗಿನವು ಸಣ್ಣ ಮೀನಿಗೆ, ಗಟ್ಟಿಯವು ದೊಡ್ಡದಕ್ಕೆ. ಅವುಗಳ ಪಕ್ಕದಲ್ಲಿ ಒಂದರೊಳಗೊಂದು ಮಡಚಿಕೊಳ್ಳುವ ಈಚಿನ ಕಾಲದ ಕೋಲುಗಳೂ, ದಾರ ಸುತ್ತುವ ರಾಟೆಯಿರುವವೂ ಇವೆ; ಇವನ್ನು ರೀಲುಗಾಳವೆನ್ನುವರು. ಬಲಗೋಡೆಯಲ್ಲಿ ಬೀಸುಬಲೆಗಳು ತೂಗುಬಿದ್ದಿವೆ. ಮುಂದೆ ಗಾಜಿನ ಪೆಟ್ಟಿಗೆ. ಅದರಲ್ಲಿ ಸೀಸದ ಗುಂಡುಗಳು, ಬಣ್ಣದ ಬೆಂಡುಗಳು, ಚಿಕ್ಕ ಚಿಕ್ಕ ಮನೆಗಳಲ್ಲಿ ಗಾಳಗಳು. ಗಾಳಗಳಿಗೆ ಸಂಖ್ಯೆಗಳುಂಟು, ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದಾಗುವುದು. ಹುಡುಗರಿಗೆ ಅಂಕಗಳನ್ನು ಕೊಟ್ಟು ಪಳಗಿದ ನನಗೆ ಈ ವಿಪರೀತ ಕ್ರಮವು ಹಿಡಿಸಲು ಹಲವು ದಿನ ಬೇಕಾಯಿತು. ಗಾಳದ ತುದಿಯ ಹತ್ತಿರ ಹಿಂದಕ್ಕೆ ಚಾಚಿದ ಒಂದು ಚಿಕ್ಕ ಮುಳ್ಳಿದೆ. ಚುಚ್ಚಿದ್ದು ಕಳಚಿಹೋಗದಿರುವುದು ಅದರಿಂದಲೇ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಇಚ್ಛೆಯುಳ್ಳವರು ಇಕ್ಕಳದಿಂದ ಆ ಮುಳ್ಳನ್ನು ಒತ್ತಿಹಾಕಿಸಿಕೊಂಡು ಹೋಗುವರು. ಅಂಥವರೂ ಈ ಅಂಗಡಿಗೆ ಬರುವರೆಂಬುದು ನನಗೆ ಹೊಸ ಸಂಗತಿಯಾಗಿದ್ದಿತು.

ಎರೆಯ ಮಾತನ್ನು ಕೇಳಬೇಕಾದರೆ ಅಡುಗೆಮನೆಯ ಮಾತನ್ನು ಕೇಳಿದಂತೆಯೇ. ರೋಹು, ಗೆಂಡೆಗಳಿಗೆ ರಾಗಿಮುದ್ದೆಯನ್ನು ಕಡಲೆಕಾಯಿ ಹಿಂಡಿಯೊಡನೆ ಕಲಸಿ ಉಂಡೆ ಮಾಡಬೇಕು, ಮೀಸೆಯ ಮೀನುಗಳಿಗೆ ಎರೆಹುಳು, ಕೊರಮೀನಿಗೆ ಕಪ್ಪೆ. ಈಗ ಜೀವದ ಕಪ್ಪೆಯ ಬದಲು ರಬ್ಬರಿನ ಕಪ್ಪೆ ಬಂದಿದೆ. ಅದನ್ನು ತಾವರೆ ಎಲೆಗಳ ಮೇಲೆ ಎಸೆದು ಎಳೆದರೆ ನಿಜವಾದ ಕಪ್ಪೆ ಕುಪ್ಪಳಿಸಿದಂತೆ ಕಾಣುವುದು. ಕೊರಮೀನು ಕೆಳಗಿನಿಂದ ನೀರೊಡೆದು ಬಂದು ಬಾಯಿ ಹಾಕುವುದು. ಯಾವ ಮುದ್ದೆಗೆ ಎಷ್ಟು ಹಿಂಡಿಯೆಂಬ ವಿಷಯದಲ್ಲಿ ಇವರು ಮಾಡುವ ವಾದವನ್ನು ಕೇಳಿದರೆ ತಾರ್ಕಿಕರೂ ನಾಚಬೇಕು.

ಈ ವಾದಗಳನ್ನು ಕೇಳುತ್ತ ಕೇಳುತ್ತ ನನಗೆ ನೆನಪಾದುದು ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು. ಹನ್ನೆರಡನೆಯ ಶತಮಾನದಲ್ಲಿ, ನಮ್ಮ ಕನ್ನಡ ನೆಲದಲ್ಲಿಯೇ ಕುಳಿತು, ಆತನು ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಮತ್ಸ್ಯವಿನೋದವೆಂದೇ ಒಂದು ಪ್ರಕರಣವಿದೆ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವುದಕ್ಕೆ ಯಾವ ಆಹಾರ ಪ್ರಿಯ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅರಸನು ಹೇಳುವನು. ಪ್ರಾಣಿವಿಜ್ಞಾನಿಯಾದ ಸುಂದರಲಾಲ್ ಹೋರಾ ಅವರು ಆ ಭಾಗವನ್ನು 1951ರಲ್ಲಿ ಲೋಕಕ್ಕೆ ಪರಿಚಯ ಮಾಡಿಕೊಟ್ಟರು. ನಾನು ಇದನ್ನು ಅಂಗಡಿಯಲ್ಲಿ ಹೇಳಿದಾಗ ಯಾರೂ ಆಶ್ಚರ್ಯಪಡಲಿಲ್ಲ. "ರಾಜನಾದ್ರೇನು ಸಾರ್, ಮೀನಿಗೆ ಗೊತ್ತಾಗುತ್ತಾ?" ಎಂದು ಒಬ್ಬರೆಂದರು.

ಬರುವವರು ನಾಲ್ಕು ತಾಲ್ಲೂಕುಗಳವರು. ಶ್ರೀನಿವಾಸಪುರದ ಕಡೆಯ ಮಾವಿನ ತೋಟದವರೊಬ್ಬರು ಕಾಯಿಯ ವ್ಯಾಪಾರ ಮುಗಿಯುವವರೆಗೆ ಮುಖ ತೋರಿಸರು. ಮುಗಿದ ಮೇಲೆ ವಾರಕ್ಕೆರಡು ಸಲ ಬರುವರು. ಅವರು ಮೆಟ್ಟಿಲು ಹತ್ತುತ್ತಲೇ ಕೇಳುವ ಪ್ರಶ್ನೆಯು, "ನೀಳ್ಳು ಎಟ್ಲುನ್ನಾಯಿ?" ಎಂಬುದು. ನೀರು ಹೇಗಿದೆಯೆಂದರ್ಥ. ಕೋಲಾರದ ಸೀಮೆಯಲ್ಲಿ ಮನೆಯ ಮಾತು ತೆಲುಗು, ಪೇಟೆಯ ಮಾತು ಕನ್ನಡ ಎಂದಿರುವ ಕುಟುಂಬಗಳು ಬಹಳ. ಮೀನಿನ ಮಾತು ಎರಡೂ ಕಲೆತದ್ದು. ಮುಳಬಾಗಿಲಿನಿಂದ ಬಸ್ಸು ನಡೆಸಿ ನಿವೃತ್ತರಾದ ಒಬ್ಬರು ಬರುವರು. ದಾರಿಯ ಬದಿಯ ಯಾವ ಕೆರೆಯಲ್ಲಿ ಯಾವ ವರ್ಷ ಎಷ್ಟು ನೀರಿತ್ತೆಂಬುದು ಅವರಿಗೆ ಕಂಠಪಾಠ. ನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗರು ಶನಿವಾರ ಬರುವರು. ಇವರು ಬೇಕಾದ ಗಾಳವನ್ನು ಮೊಬೈಲಿನಲ್ಲಿಯೇ ತರಿಸಿಕೊಳ್ಳಬಲ್ಲರು, ತರಿಸಿಕೊಳ್ಳುವರು ಕೂಡ. ಆದರೆ ಅದನ್ನು ದಾರಕ್ಕೆ ಕಟ್ಟಿಸಿಕೊಳ್ಳಲು ಇಲ್ಲಿಗೇ ಬರುವರು. ಅಂಗಡಿಯವನು ಕಟ್ಟಿಕೊಡುವನು, ಕೂಲಿ ಕೇಳನು. ಇದರಿಂದ ಅಂಗಡಿಗೆ ಏನು ಲಾಭವೆಂದು ನಾನು ಒಮ್ಮೆ ಕೇಳಿದೆನು. "ನಾಳೆ ಗಂಟು ಬಿಚ್ಚೋದ್ರೆ ಬಯ್ಯೋಕಾದ್ರೂ ಬರ್ತಾರಲ್ಲ ಸಾರ್" ಎಂದನು.

ಮಾಲೂರಿನ ಇಟ್ಟಿಗೆಗೂಡಿನಲ್ಲಿ ಕೆಲಸಮಾಡುವ ಬಂಗಾಳದ ಒಬ್ಬ ಕೂಲಿಯವನ ಮಾತನ್ನು ವಿಶೇಷವಾಗಿ ಹೇಳಬೇಕು. ಬಟವಾಡೆಯ ಮರುದಿನ ಆತನು ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಬರುವನು. ಕನ್ನಡ ಅಲ್ಪಸ್ವಲ್ಪ. ಒಂದು ಸಂಜೆ ಕೈಸನ್ನೆ ಮಾಡುತ್ತ ತನ್ನ ಊರಿನ ಮೀನುಗಳ ಹೆಸರುಗಳನ್ನು ಹೇಳುತ್ತಿದ್ದನು. "ರೂಯಿ", ಎಂದನು, "ಮಾಗುರ್" ಎಂದು ಮೇಲ್ತುಟಿಯ ಎರಡು ಕಡೆಗೆ ಬೆರಳಿಟ್ಟು ಮೀಸೆ ತೋರಿಸಿದನು, "ಶೋಲ್" ಎಂದು ಗಾಜಿನ ಪೆಟ್ಟಿಗೆಯಲ್ಲಿದ್ದ ಕೊರಮೀನಿನ ಚಿತ್ರದ ಮೇಲೆ ಬೆರಳಿಟ್ಟನು. ನಾನು ಸ್ಟೂಲಿನಿಂದ ಎದ್ದುಬಿಟ್ಟೆನು. ರೋಹಿತ, ಮದ್ಗುರ, ಶಕುಲ! ಮೂವತ್ತು ವರ್ಷ ನಾನು ಹುಡುಗರ ಬಾಯಲ್ಲಿ ಉರುಹೊಡೆಸಿದ ಹೆಸರುಗಳು ಅಮರಕೋಶದಿಂದ ಇಳಿದು, ಇಟ್ಟಿಗೆಯ ಕೆಂಪುಧೂಳು ಮೆತ್ತಿದ ಒಂದು ಬಾಯಿಂದ ಹೊರಬಿದ್ದಿದ್ದವು. ಮದ್ಗುರದಿಂದ ಮಾಗುರ್, ರೋಹಿತದಿಂದ ರೂಯಿ ಬಂದುದನ್ನು ಭಾಷಾಶಾಸ್ತ್ರಜ್ಞರು ಎಂದೋ ಬರೆದಿಟ್ಟಿರುವರು, ನಾನು ಓದಿರಲಿಲ್ಲ. ಓದಿದ್ದರೂ ಕಂಡಂತಾಗುತ್ತಿರಲಿಲ್ಲ. ಅಂಗಡಿಯವನು ನನ್ನ ಮುಖ ನೋಡಿ ನಕ್ಕನು. "ಹಂಗಾದ್ರೆ ಶಕುಲ ಕೊರಮೀನೇ ಅಲ್ವಾ ಸಾರ್?" ಎಂದನು. ಎಂಟನೆಯ ತರಗತಿಯ ಪ್ರಶ್ನೆಯನ್ನು ಆತನು ಮರೆತಿರಲಿಲ್ಲವೆಂದು ಆಗ ಗೊತ್ತಾಯಿತು. "ಹೌದಪ್ಪ, ಅದೇ" ಎಂದೆನು. ಉತ್ತರ ಕೊಡಲು ನನಗೆ ಅಷ್ಟು ವರ್ಷ ಬೇಕಾಯಿತು.

ಇನ್ನು ಗರಿಯ ಗಾಳದ ಮಾತು. ಪಶ್ಚಿಮ ದೇಶಗಳಲ್ಲಿ ನೊಣ, ಹುಳುಗಳ ಸೋಗಿನಲ್ಲಿ ಗಾಳಕ್ಕೆ ಗರಿ, ಕೂದಲು, ರೇಷ್ಮೆ ಸುತ್ತಿ ಮೀನನ್ನು ಮರುಳುಗೊಳಿಸುವ ಪದ್ಧತಿ ಬಹಳ ಪ್ರಾಚೀನವಾದುದು. ಸುಮಾರು 1800 ವರ್ಷಗಳ ಹಿಂದೆ ರೋಮಿನಲ್ಲಿದ್ದ ಈಲಿಯನ್ ಎಂಬ ಗ್ರಂಥಕಾರನು, ಮ್ಯಾಸಿಡೋನಿಯಾದ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗಲ್ಲದ ಕೆಳಗಣ ಎರಡು ಗರಿಗಳನ್ನು ಕಟ್ಟುತ್ತಿದ್ದರೆಂದು ಬರೆದಿರುವನು. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಗಾಳದವರ ಮೇಲೆ ಬರೆದ ಪುಸ್ತಕವನ್ನು ಇಂದಿಗೂ ಓದುವರು. ನಮ್ಮ ಕಡೆ ಈ ವಿದ್ಯೆಯನ್ನು ಬಳಸಿದವರಲ್ಲಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಪ್ರಸಿದ್ಧನು. ಹೊಳೆಯ ಮೀನುಗಾರಿಕೆಯನ್ನು ಕುರಿತ ಅವನ ಪುಸ್ತಕವು 1873ರಲ್ಲಿ ಹೊರಬಂದಿತು. ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತೇ ಆತನು 1887ರಲ್ಲಿ ಇನ್ನೊಂದನ್ನು ಬರೆದನು. ಕಾವೇರಿ, ಕಬಿನಿಗಳ ಮಹಶೀರ್ ಮೀನಿನ ಕಥೆ ಬೇರೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರನ್ನು ಹಿಡಿದರು. ಅದೇ ಗೂನುಬೆನ್ನಿನ ಮಹಶೀರು ಈಗ ಅಳಿವಿನ ಅಂಚಿನಲ್ಲಿದೆ.

ಕೋಲಾರದಲ್ಲಿ ಅಂಥ ಹೊಳೆಯೂ ಇಲ್ಲ, ಮೀನೂ ಇಲ್ಲ. ಆದರೂ ಕಾರ್ಖಾನೆಯ ಹುಡುಗರಲ್ಲೊಬ್ಬನು ಗರಿಯ ಗಾಳದ ಕೋಲನ್ನು ತಂದನು. ಸಾಧಾರಣ ಗಾಳದಲ್ಲಿ ಸೀಸದ ಭಾರವು ದಾರವನ್ನು ಎಳೆದುಕೊಂಡು ಹೋಗುವುದು. ಇದರಲ್ಲಿ ಗರಿಗೆ ಭಾರವೇ ಇಲ್ಲ, ದಾರವೇ ದಪ್ಪ. ಭಾರವಾದ ದಾರವನ್ನು ಚಾಟಿಯಂತೆ ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಹಗುರವಾದ ಗರಿಯು ಅದರ ಬಾಲವಾಗಿ ಹೋಗಿ ಮೆಲ್ಲಗೆ ನೀರಿನ ಮೇಲೆ ಕೂರುವುದು. ಗರಿ ಎಲ್ಲಿಂದ ತರುವುದು? ನಮ್ಮ ಅಂಗಡಿಯವನು ಮನೆಯ ನಾಟಿಹುಂಜದ ಕತ್ತಿನ ಗರಿಗಳನ್ನು ತಂದು, ದಾರದಲ್ಲಿ ಸುತ್ತಿ, ಎರಡೇ ವಾರದಲ್ಲಿ ಮಿಡತೆಯಂಥ ಒಂದು, ನೊಣದಂಥ ಒಂದು ಕಟ್ಟಿದನು. ಇದರಲ್ಲಿ ವಿಚಿತ್ರವೇನೆಂದರೆ ಭಾರತದ ಹುಂಜದ ಗರಿಗಳು ಬಹುಕಾಲದಿಂದ ಇದೇ ಕೆಲಸಕ್ಕೆ ವಿದೇಶಗಳಿಗೆ ಹೋಗುತ್ತಿದ್ದವು. ನಮ್ಮ ಕಾಡುಕೋಳಿಯ ಕತ್ತಿನ ಚುಕ್ಕಿಗರಿಗಳಿಗಂತೂ ಅಲ್ಲಿ ಬಹಳ ಬೆಲೆ. ಅದರಿಂದ ಆ ಪಕ್ಷಿಗೆ ಒದಗಿದ ಕೇಡೂ ಬಹಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ರಕ್ಷಣೆ ಕೊಟ್ಟಿದೆ. ಯಾರೋ ಒಬ್ಬನು ಕಾಡುಕೋಳಿಯ ಗರಿಯನ್ನು ಕಾಗದದಲ್ಲಿ ಸುತ್ತಿ ಮಾರಲು ತಂದಾಗ ಅಂಗಡಿಯವನು ಅವನನ್ನು ಮೆಟ್ಟಿಲಿಂದಲೇ ಕಳುಹಿಸಿದುದನ್ನು ನಾನು ಕಂಡಿದ್ದೇನೆ. ಗರಿಯ ನೊಣಕ್ಕೆ ಕೆರೆಯ ಸಣ್ಣ ಬೆಳ್ಳಿಮೀನುಗಳು ಬಂದವು. ಕಾಳಿದಾಸಾದಿಗಳ ಶಫರಿಯು ಇಂಥದೇ ಆಗಿರಬೇಕೆಂದು ನಾನು ಊಹಿಸಿದೆನು. ಈಗ ನಾನು ಯಾವ ಮೀನಿನ ವಿಷಯದಲ್ಲಿಯೂ ಖಂಡಿತವಾಗಿ ಹೇಳುವುದನ್ನು ಬಿಟ್ಟಿದ್ದೇನೆ.

ಈ ಅಂಗಡಿಯ ಬಾಳು ನೀರಿನ ಬಾಳು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲ. ಪಾಲಾರ್ ಮಳೆಗಾಲದ ಹರಿವು. ದಕ್ಷಿಣ ಪಿನಾಕಿನಿಯೂ ಅಂಥದೇ. ಆದುದರಿಂದಲೇ ಹಿಂದಿನವರು ಒಂದು ಕೆರೆಯ ಕೋಡಿಯ ನೀರು ಇನ್ನೊಂದು ಕೆರೆಗೆ ಹೋಗಿ ಸೇರುವಂತೆ ಸಾವಿರಾರು ಕೆರೆಗಳನ್ನು ಸರಪಣಿಯಾಗಿ ಕಟ್ಟಿದರು. ಕೋಲಾರದ ಸಮೀಪದ ಒಂದು ಊರಿನ ಹೆಸರೇ ಸೋಮಾಂಬುಧಿ ಅಗ್ರಹಾರ. ಕೆರೆಯನ್ನು ಅಂಬುಧಿಯೆಂದು ಕರೆಯಲು ಹಿಂಜರಿಯದ ಕಾಲವದು. ಆಮೇಲೆ ಏನಾಯಿತೆಂಬುದು ಈ ಸೀಮೆಯ ಎಲ್ಲರಿಗೂ ಗೊತ್ತು. ಕಾಲುವೆಗಳು ಮುಚ್ಚಿದವು, ಮಳೆ ತಪ್ಪಿತು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿದವು, ಬಂದ ನೀರಿನಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಬಂದಿತು. ಆ ವರ್ಷಗಳಲ್ಲಿ ಗಾಳದ ಪೆಟ್ಟಿಗೆಗಳು ಅಟ್ಟವನ್ನು ಸೇರಿದವಂತೆ. ಕೊಳವೆಬಾವಿಗೆ ಪಂಪನ್ನು ಇಳಿಬಿಡುವ ಹಗ್ಗವನ್ನೂ ಪ್ಲಾಸ್ಟಿಕ್ ಕೊಡಗಳನ್ನೂ ಮಾರಿ ಆತನು ಮನೆ ನಡೆಸಿದನು. "ಗಾಳ ಮಾರೋ ಅಂಗಡೀಲಿ ಕೊಡ ಮಾರ್ದೆ ಸಾರ್. ಅಪ್ಪ ಅದನ್ನ ನೋಡ್ಕಂಡೇ ಹೋದ್ರು" ಎಂದು ಒಂದೇ ಸಲ ಹೇಳಿದನು, ಮತ್ತೆ ಆ ಮಾತನ್ನು ಎತ್ತಲಿಲ್ಲ.

2018ರ ಜೂನಿನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧಮಾಡಿ ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ತರುವ ಯೋಜನೆ ಆರಂಭವಾಯಿತು. ಇದನ್ನು ಕೆ. ಸಿ. ವ್ಯಾಲಿ ಎನ್ನುವರು. ಮೊದಲು ನೀರು ಬಿದ್ದುದು ಲಕ್ಷ್ಮೀಸಾಗರದ ಕೆರೆಗೆ. ಮುಂದಿನ ತಿಂಗಳೇ ನೀರಿನ ಮೇಲೆ ನೊರೆ ಕಾಣಿಸಿಕೊಂಡು ಉಚ್ಚ ನ್ಯಾಯಾಲಯವು ತಡೆಕೊಟ್ಟಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ 2019ರಲ್ಲಿ ನೀರು ಮತ್ತೆ ಹರಿಯಿತು. 2021ರ ನವೆಂಬರಿನ ಮಳೆಗಂತೂ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು; ಕೋಡಿಯೆಂದರೇನೆಂದು ತಿಳಿಯದ ಮಕ್ಕಳು ಅದನ್ನು ಕಣ್ಣಾರೆ ಕಂಡರು. ಪೆಟ್ಟಿಗೆಗಳು ಅಟ್ಟದಿಂದ ಇಳಿದವು.

ಆದರೆ ಬೆಂಗಳೂರಿನ ನೀರಿನ ವಿಷಯದಲ್ಲಿ ಅಂಗಡಿಯಲ್ಲಿ ಎರಡು ಪಕ್ಷಗಳಿವೆ. ಸಂಜೆಯ ಜಗಳವೆಲ್ಲ ಅದರ ಮೇಲೆಯೇ. ಎರಡು ಹಂತಗಳ ಶುದ್ಧಿ ಸಾಲದು, ಮೂರನೆಯ ಹಂತವೂ ಆಗಲೇಬೇಕೆಂದು ಮಾವಿನ ತೋಟದವರ ವಾದ. ಆ ನೀರಿನ ಮೀನನ್ನು ಅವರು ಮನೆಗೆ ಒಯ್ಯುವುದಿಲ್ಲ. ಬತ್ತಿದ ಬಾವಿಯಲ್ಲಿ ನೀರು ಕಂಡದ್ದು ಇದರಿಂದಲೇ ಅಲ್ಲವೇ ಎಂದು ಬಸ್ಸಿನವರ ವಾದ. ನಮ್ಮವನು ಯಾವ ಪಕ್ಷವನ್ನೂ ಹಿಡಿಯನು. ಯಾವ ಕೆರೆಯಲ್ಲಿ ಯಾವ ದಿನ ನೊರೆ ಕಂಡಿತು, ಎಲ್ಲಿ ಮೀನು ಬಾಯಿ ತೆರೆದು ಮೇಲೆ ಬಂದಿತು, ಎಲ್ಲಿ ಅಂತರಗಂಗೆಯ ಸೊಪ್ಪು ಹಬ್ಬಿತು ಎಂಬುದನ್ನು ಬಂದವರಿಂದ ಕೇಳಿ, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವನು. ಎಂಟನೆಯ ತರಗತಿಯನ್ನು ಮುಗಿಸದವನ ಕೈಬರಹ. ದೀರ್ಘಗಳು ತಪ್ಪಿವೆ, ಒತ್ತಕ್ಷರಗಳು ತಪ್ಪಿವೆ. ಕೆಂಪು ಶಾಯಿಗೆ ಒಮ್ಮೆ ನನ್ನ ಕೈ ಹೋಗಿ ಹಿಂದಕ್ಕೆ ಬಂದಿತು. ನಾಲ್ಕು ತಾಲ್ಲೂಕುಗಳ ಕೆರೆಗಳನ್ನು ಹೀಗೆ ದಿನ ದಿನವೂ ವಿಚಾರಿಸಿಕೊಳ್ಳುವ ಪುಸ್ತಕವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಒಂದು ಭಾನುವಾರ ಅವರು ನನ್ನನ್ನೂ ಕರೆದೊಯ್ದರು. ಮುಳಬಾಗಿಲಿನಿಂದ ಕುರುಡುಮಲೆಯ ದಿಕ್ಕಿಗೆ ಹೋಗುವಾಗ ಸಿಕ್ಕುವ ಕೆರೆಯೆಂದಷ್ಟೇ ಹೇಳುವೆನು. "ಊರಿನ ಹೆಸರು ಬರೀಬೇಡಿ ಸಾರ್, ನಾಳೆ ಜಾತ್ರೆ ಆಗ್ಬಿಡುತ್ತೆ" ಎಂದು ಮಾತು ತೆಗೆದುಕೊಂಡಿದ್ದಾರೆ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಡುವುದುಂಟು. ಅಂಥಲ್ಲಿ ಅವರನ್ನು ಕೇಳದೆ ಗಾಳ ಹಾಕುವುದು ಕಳ್ಳತನ. ಇವರು ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರು. ಬೆಳಗಿನ ಆರು ಗಂಟೆ. ಏರಿಯ ಮೇಲೆ ಹುಣಿಸೆಯ ಮರಗಳು, ಎದುರಿಗೆ ಬಂಡೆಗುಡ್ಡಗಳು, ನೀರಿನ ಮೇಲೆ ತೆಳ್ಳನೆಯ ಹೊಗೆ. ಐವರು ಐದು ಕಡೆ ಕುಳಿತರು. ಇಷ್ಟು ಮಾತನಾಡುವವರು ಇಷ್ಟು ಸುಮ್ಮನಿರಬಲ್ಲರೆಂದು ನಾನು ತಿಳಿದಿರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ 'ನಿಶ್ಶಬ್ದ' ಎಂದು ಕೂಗಿ ಪಡೆಯದ ನಿಶ್ಶಬ್ದವದು.

ಸ್ವಲ್ಪ ಹೊತ್ತಿನ ಮೇಲೆ ಅಂಗಡಿಯವನು ನನ್ನ ತೋಳು ಮುಟ್ಟಿ, ಜೊಂಡಿನ ಹತ್ತಿರ ತೋರಿಸಿದನು. ನೀರಿನ ಮೇಲೆ ಕೆಂಪನೆಯದೊಂದು ಚಾಪೆಯಷ್ಟು ಅಗಲವಾಗಿ ನಡುಗುತ್ತಿದ್ದಿತು. ಮಳೆಹನಿ ಬಿದ್ದಂತೆ ಅಲ್ಲಿ ಮಾತ್ರ ನೀರು ಕುದಿಯುತ್ತಿದ್ದಿತು. ಕೊರಮೀನಿನ ಮರಿಗಳು, ನೂರಾರು. ಗಾಳಿ ಕುಡಿಯಲು ಒಟ್ಟಿಗೆ ಮೇಲೆ ಬರುವುವು, ಒಟ್ಟಿಗೆ ಇಳಿಯುವುವು. "ಕೆಳಗಡೆ ನೋಡಿ ಸಾರ್." ಮೊದಲು ಏನೂ ಕಾಣಿಸಲಿಲ್ಲ. ಆಮೇಲೆ ಮರಿಗಳ ಅಡಿಯಲ್ಲಿ ಒಂದು ಕರಿಯ ನೆರಳು ನಿಧಾನವಾಗಿ ಸರಿಯಿತು. ತಾಯಿತಂದೆಗಳು ಮರಿಗಳು ದೊಡ್ಡವಾಗುವವರೆಗೆ ಹೀಗೆ ಕಾಯುವುವು. ಹತ್ತಿರ ಬಂದದ್ದು ಕಪ್ಪೆಯಾಗಲಿ, ಕೈಯಾಗಲಿ, ಮೇಲೆ ಬಿದ್ದು ಕಚ್ಚುವುವು. ಆದುದರಿಂದ ಆಗ ಅವನ್ನು ಹಿಡಿಯುವುದು ಬಹು ಸುಲಭ. ರಬ್ಬರಿನ ಕಪ್ಪೆಯನ್ನು ಮರಿಗಳ ನಡುವೆ ಎಸೆದರೆ ಸಾಕು. 'ಹಸಿದು ಬರೋದಲ್ಲ ಸಾರ್ ಅದು, ಕೋಪದಲ್ಲಿ ಬರೋದು' ಎಂದು ಪಿಸುಗುಟ್ಟಿದನು. ತಾಯಿ ಹೋದರೆ ಮರಿಗಳನ್ನು ಬೇರೆ ಮೀನುಗಳು ಗಳಿಗೆಯಲ್ಲಿ ಮುಗಿಸುವುವು. ಈ ಅಂಗಡಿಯ ಬಳಗದವರು ಮರಿಗಳಿರುವ ಕೊರಮೀನಿಗೆ ಗಾಳ ಹಾಕುವುದಿಲ್ಲ. ಹಾಕಿ ಫೋಟೋ ತೆಗೆದುಕೊಂಡು ಬಂದು ತೋರಿಸಿದ ಒಬ್ಬನಿಗೆ ಅಂಗಡಿಯವನು ಬಯ್ಯಲಿಲ್ಲ. ಆ ದಿನದಿಂದ ಅವನಿಗೆ ಕಪ್ಪೆ ಮಾರಲಿಲ್ಲ, ಅಷ್ಟೆ.

ಈ ನಿಯಮಗಳು ಎಲ್ಲಿಯೂ ಬರೆದವಲ್ಲ. ಬ್ಲೀಚಿಂಗ್ ಪುಡಿ ಹಾಕಿ ಮೀನು ತೇಲಿಸುವವರಿಗೆ, ಮದ್ದು ಸಿಡಿಸುವವರಿಗೆ ಅಲ್ಲಿ ದಾರ ಕೂಡ ಸಿಕ್ಕದು. ಸಣ್ಣ ಮೀನನ್ನು ಬಿಡಬೇಕು. ಆಫ್ರಿಕಾದ ಕ್ಯಾಟ್‌ಫಿಶ್ ಮಾತ್ರ ಸಿಕ್ಕರೆ ಮತ್ತೆ ನೀರಿಗೆ ಬಿಡಬಾರದು; ಅದರ ಸಾಕಣೆಗೆ ನಿಷೇಧವಿದ್ದರೂ ಅದು ಹೇಗೋ ಕೆರೆಗಳನ್ನು ಸೇರಿ ನಾಡಿನ ಮೀನುಗಳನ್ನು ತಿನ್ನುತ್ತಿದೆ. 1952ರಲ್ಲಿ ಹೊರದೇಶದಿಂದ ನಮ್ಮ ದೇಶಕ್ಕೆ ಬಂದ ತಿಲಾಪಿಯಾಕ್ಕೆ ನಮ್ಮ ಜನ ಜಿಲೇಬಿಯೆಂದು ಹೆಸರಿಟ್ಟು ಬಿಟ್ಟಿದ್ದಾರೆ. ಇನ್ನು ಅದನ್ನು ಪರದೇಶಿಯೆನ್ನುವುದು ಕಷ್ಟ.

ಹಿಂಸೆಯ ಮಾತನ್ನು ನಾನು ಮರೆಮಾಚಿದೆನೆಂದು ಸಾತ್ವಿಕರಾದ ವಾಚಕರು ತಿಳಿಯಬಾರದು. ಆ ಭಾನುವಾರ ಒಂದು ಗೆಂಡೆಯು ಹುಲ್ಲಿನ ಮೇಲೆ ಬಡಿದುಕೊಂಡು ಸತ್ತಿತು. ನಾನು ಮುಖ ತಿರುಗಿಸಿಕೊಂಡೆನು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕಿ ಸಂತೋಷಪಟ್ಟವನು ನಾನು. ಆ ಸಂಸ್ಕಾರವು ಹೋಗುವಂಥದಲ್ಲ, ಹೋಗಲೂಬೇಕಾಗಿಲ್ಲ. ಆದರೆ ಕೆರೆಯು ಸತ್ತಾಗ ನಾನು ಮುಖ ತಿರುಗಿಸಿದ್ದೂ ಉಂಟು. ಆಗ ಕಣ್ಣಿಟ್ಟು ನೋಡಿದವರು ಇವರು. ಮೀನು ತಿನ್ನದ ನಾವು ನಮ್ಮೂರ ಕೆರೆಯಲ್ಲಿ ಈ ದಿನ ಎಷ್ಟು ನೀರಿದೆಯೆಂದು ಯಾರಾದರೂ ಕೇಳಿದರೆ ಹೇಳಬಲ್ಲೆವೇ?

ಕಳೆದ ಮಳೆಗಾಲದ ಮೊದಲು ಅಂಗಡಿಯವನು ನನ್ನ ಮುಂದೆ ಒಂದು ತಗಡಿನ ಹಲಗೆಯನ್ನಿಟ್ಟನು. ಅಂಗಡಿಗೆ ಹೆಸರು ಬರೆಸುವನೆಂದುಕೊಂಡು ನಾನು 'ಬಡಿಶಾಲಯ' ಎಂದು ಸೂಚಿಸಿದೆನು. ಎಲ್ಲರೂ ನಕ್ಕರು. ಬಸ್ಸಿನವರು "ಯಾವುದೋ ಆಸ್ಪತ್ರೆ ಅಂದ್ಕಂಡು ಜನ ಬರ್ತಾರೆ" ಎಂದರು. ಬೇಕಾಗಿದ್ದುದು ಹೆಸರಲ್ಲ. ಹೊಸ ನೀರು ಬಂದಾಗ ಮೊಟ್ಟೆ ತುಂಬಿದ ಮೀನುಗಳು ಕಾಲುವೆಯ ಎದುರು ಹತ್ತುವುವು. ಆಗ ಜನರು ಸೊಳ್ಳೆಪರದೆಯಂಥ ಬಲೆಯನ್ನು ಅಡ್ಡಕಟ್ಟಿ ಬಾಚುವರು. ಆ ದಿನಗಳಲ್ಲಿ ಸಣ್ಣ ಕಣ್ಣಿನ ಬಲೆಯನ್ನು ಮಾರುವುದಿಲ್ಲವೆಂದು ಚೆನ್ನಾಗಿ ಬರೆದುಕೊಡಬೇಕೆಂದು ಕೇಳಿದನು. ವ್ಯಾಪಾರ ನಡೆಯುವ ಕಾಲವೇ ಅದಲ್ಲವೇ ಎಂದೆನು. "ಹೌದು ಸಾರ್" ಎಂದನು.

ಕುಂಚ ಹಿಡಿದು ಕನ್ನಡದಲ್ಲಿಯೂ ಕೆಳಗೆ ತೆಲುಗಿನಲ್ಲಿಯೂ ಬರೆದೆನು. ಕನ್ನಡದ ಸಾಲು ಹೀಗಿತ್ತು: "ಹೊಸ ನೀರಿನ ಕಾಲದಲ್ಲಿ ಗರ್ಭಿಣಿ ಮತ್ಸ್ಯಗಳ ರಕ್ಷಣಾರ್ಥವಾಗಿ ಸೂಕ್ಷ್ಮಜಾಲಗಳನ್ನು ಮಾರುವುದಿಲ್ಲ." ಆತನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಕೆರೆದುಕೊಂಡನು. "ಸಾರ್, ಬೇಜಾರು ಮಾಡ್ಕಬೇಡಿ. 'ಮೊಟ್ಟೆ ಮೀನು ಹತ್ತೋ ಕಾಲ, ಸಣ್ಣ ಬಲೆ ಇಲ್ಲ' ಅಂತ ಬರೀರಿ. ಎಲ್ರಿಗೂ ಗೊತ್ತಾಗುತ್ತೆ."

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರಸಿ, ಆತನು ಹೇಳಿದಂತೆಯೇ ಬರೆದುಕೊಟ್ಟೆನು.